ಸಹಾಯ ಬೇಕು: ಮಲಪ್ರಭಾ ಮೇಲ್ಭಾಗದ ಥೀಸೆನ್ ಪಾಲಿಗಾನ್‌ನಲ್ಲಿ ಕಣಕುಂಬಿಯ ತೂಕ

ಎಲ್ಲರಿಗೂ ನಮಸ್ಕಾರ. ಮಲಪ್ರಭಾ ನದಿ ಹುಟ್ಟುವ ಘಟ್ಟದ ಕಣಕುಂಬಿಯಿಂದ ನವಿಲುತೀರ್ಥ ಅಣೆಕಟ್ಟಿನವರೆಗಿನ ಜಲಾನಯನಕ್ಕೆ ಥೀಸೆನ್ ವಿಧಾನದಲ್ಲಿ ಸರಾಸರಿ ಮಳೆ ತೆಗೀಬೇಕಾಗಿದೆ. ಇದರಲ್ಲಿ ಪ್ರತಿ ಜಾಗಕ್ಕೂ ಅತಿ ಹತ್ತಿರದ ಮಾಪಕದ ಮಳೆಯನ್ನೇ ಹಿಡಿಯುತ್ತಾರೆ; ಒಂದು ಮಾಪಕದ ಪಾಲಿಗೆ ಬಂದ ವಿಸ್ತೀರ್ಣದ ಭಾಗವೇ ಅದರ ತೂಕ. ಮಳೆಮಾಪಕಗಳು: ಕಣಕುಂಬಿ, ಜಾಂಬೋಟಿ, ಖಾನಾಪುರ, ಬೈಲಹೊಂಗಲ, ಸವದತ್ತಿ.

ಕ್ಯೂಜಿಐಎಸ್‌ನಲ್ಲಿ (ನಕ್ಷೆ ತಂತ್ರಾಂಶ) ಪದರಗಳನ್ನು ಮೀಟರ್ ಲೆಕ್ಕದ ಯುಟಿಎಂ 43 ಉತ್ತರ ನಿರ್ದೇಶಾಂಕಕ್ಕೆ ಬದಲಿಸಿ, ವೊರೊನಾಯ್ ಪಾಲಿಗಾನ್ (ಥೀಸೆನ್ ಪಾಲಿಗಾನ್‌ನ ಇನ್ನೊಂದು ಹೆಸರು) ಬಿಡಿಸಿ (ಬಫರ್, ಅಂದರೆ ಸುತ್ತಲಿನ ಹೆಚ್ಚುವರಿ ಅಂಚು, ಹೆಚ್ಚಿಸದಿದ್ದರೆ ಜಲಾನಯನದ ಅಂಚು ಹೊರಗುಳಿಯುತ್ತದೆ), ಗಡಿಗೆ ಕತ್ತರಿಸಿ, ಪ್ರತಿ ತುಂಡಿನ ವಿಸ್ತೀರ್ಣವನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿದ್ದೇನೆ. ತೂಕಗಳ ಮೊತ್ತ ಸರಿಯಾಗಿ 1.00 ಬರುತ್ತದೆ.

ತೊಡಕು ಇರುವುದು ಘಟ್ಟದಲ್ಲಿ. ಥೀಸೆನ್‌ಗೆ ದೂರ ಮಾತ್ರ ಗೊತ್ತು, ಎತ್ತರ ಗೊತ್ತಿಲ್ಲ. ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಮಳೆ ಕೆಲವೇ ಕಿಲೋಮೀಟರಿನಲ್ಲಿ ಕುಸಿಯುತ್ತದೆ, ಆದರೆ ಪಾಲಿಗಾನ್ ಗೆರೆಯವರೆಗೂ ಕಣಕುಂಬಿಯ ಮಳೆಯೇ ಎಣಿಕೆಯಾಗುತ್ತದೆ. ಹಾಗಾಗಿ ಜುಲೈ ಸರಾಸರಿ ವಿಪರೀತ ಏರುತ್ತದೆ.

ತಿಳಿದವರು ಹೇಳಿ:

ಇಲ್ಲಿ ಸಮಮಳೆ ರೇಖೆಗಳೇ (ಒಂದೇ ಪ್ರಮಾಣದ ಮಳೆ ಬೀಳುವ ಜಾಗಗಳನ್ನು ಸೇರಿಸುವ ಗೆರೆಗಳು) ವಾಸಿಯೇ? ಐದೇ ಮಾಪಕಗಳಿಂದ ರೇಖೆ ಎಳೆದರೆ ಅದು ನಂಬುವಂಥದ್ದಾ?

ಗೋವಾ ಕಡೆಯ ಇಳಿಜಾರಿನ ಮಾಪಕಗಳನ್ನು ಸೇರಿಸಬೇಕಾ? ಸಾಮಾನ್ಯವಾಗಿ ಗಡಿಯಾಚೆಯ ಮಾಪಕ ಒಳ್ಳೆಯದೇ, ಆದರೆ ಅವು ಗಾಳಿಗೆ ಎದುರಿನ ಬದಿಯಲ್ಲಿವೆ.

ಒಂದು ಮಾಪಕದ ದಾಖಲೆ ಇಲ್ಲದ ದಿನ ಪಾಲಿಗಾನ್ ಹೊಸದಾಗಿ ಬಿಡಿಸುತ್ತೀರಾ, ಅಥವಾ ವಾರ್ಷಿಕ ಸರಾಸರಿಯ ಅನುಪಾತದಿಂದ ತುಂಬುತ್ತೀರಾ? ಖಾಲಿ ಜಾಗವನ್ನು ಸೊನ್ನೆ ಎಂದು ಓದಿಸಿದರೆ ಲೆಕ್ಕವೇ ಕೆಡುತ್ತದೆ.

ಘಟ್ಟದಂಚಿನ ಜಲಾನಯನಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ನಿಮ್ಮ ವಿಧಾನ ತಿಳಿಸಿ.