ಮದುವೆ ಬಿಟ್ಟು ಊಟ, ಪತ್ರಿಕೆ, ಪ್ರಚಾರದ ಫೋಟೊಗೆ ಇಳಿಯಬಹುದಾ? ಅನುಭವ ಇದ್ದವರು ಹೇಳಿ

ವಿದ್ಯಾನಗರದ ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ 11 ವರ್ಷದಿಂದ ಮದುವೆ ಫೋಟೊ ಮಾಡುತ್ತಿದ್ದೇನೆ. ಆಷಾಢದಲ್ಲಿ ಮುಹೂರ್ತ ಇರಲ್ಲ, ಆಗ ನನಗಿಷ್ಟ ಬಂದದ್ದನ್ನು ತೆಗೆಯುತ್ತೇನೆ. ಹೋಟೆಲ್ ತಿಂಡಿ, ಪತ್ರಿಕೆಗೆ ಕೊಟ್ಟಿದ್ದು, ನಾಟಕದ ಪ್ರಚಾರಕ್ಕೆ ತೆಗೆದದ್ದು ಎಲ್ಲ ಸೇರಿಸಿ 20 ಫೋಟೊ ಆರಿಸಿ ಇಟ್ಟಿದ್ದೇನೆ. ಎಲ್ಲಕ್ಕಿಂತ ಇಷ್ಟ ಮಂಡಕ್ಕಿ ಭಟ್ಟಿಯದು. ಬಿಸಿ ಮರಳಿನಿಂದ ಎತ್ತಿದ ಮಂಡಕ್ಕಿ ಜರಡಿಯಲ್ಲಿ ಹಾರುತ್ತಿದೆ, ಮಾಡಿನ ಸಂದಿಯಿಂದ ಒಂದು ಕೋಲು ಬಿಸಿಲು ಬಿದ್ದಿದೆ. ಈ 20ನ್ನು ಪುಸ್ತಕ ಮಾಡಿಸಿ ಹೋಟೆಲಿನವರಿಗೆ, ಪತ್ರಿಕೆಯವರಿಗೆ ತೋರಿಸಬೇಕು ಅಂತಿದ್ದೇನೆ. ಯಾವುದನ್ನು ಮೊದಲು ಇಡಲಿ? ರೇಟು ಹೇಗೆ ಹೇಳಲಿ? ತೀರ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸ್ ಸೆಕೆಂಡ್ ಹ್ಯಾಂಡ್ 46 ಸಾವಿರಕ್ಕೆ ಸಿಗುತ್ತಿದೆ, ತಗೊಳ್ಳಲಾ?

ಮಂಡಿಪೇಟೆ ಹಳಬ:
ತಮ್ಮ, ನಾನು ರೀಲ್ ಕಾಲದವನು. ನನ್ನ ಮೊದಲ ಹೋಟೆಲ್ ಆರ್ಡರ್ ಕತೆ ಕೇಳು. 14 ಐಟಂ, 9,000 ರೂಪಾಯಿಗೆ ಒಪ್ಪಿಕೊಂಡೆ. ಒಂದು ದಿನದ ಕೆಲಸ ಅಂತ ಅಂದುಕೊಂಡಿದ್ದೆ, ಮೂರು ದಿನ ಹಿಡಿಯಿತು. ಬೆಳಿಗ್ಗೆ 11ಕ್ಕೆ ಹೋದೆ, ಅದೇ ತಪ್ಪು. ಅಷ್ಟೊತ್ತಿಗೆ ಜನ ತುಂಬಿರ್ತಾರೆ. ನನ್ನ ಸ್ಟ್ಯಾಂಡಿಗೆ ಒಬ್ಬರ ಕಾಲು ತಾಗಿ, ಲೈಟಿನ ಬೆಳಕು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್ ನೆಲಕ್ಕೆ ಬಿತ್ತು. ಮೇಲೆ ಟ್ಯೂಬ್‌ಲೈಟು, ಫೋಟೊ ತುಂಬ ಅಡ್ಡ ಪಟ್ಟಿ. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ವೇಗ 1/50 ಅಥವಾ 1/100 ಸೆಕೆಂಡಿನಲ್ಲಿ ಇಟ್ಟಿದ್ದರೆ ಪಟ್ಟಿ ಬರುತ್ತಿರಲಿಲ್ಲ. ಅವತ್ತು ಗಡಿಬಿಡಿಯಲ್ಲಿ 1/320 ಇಟ್ಟಿದ್ದೆ.

ಇನ್ನು ಬೆಣ್ಣೆ. ಹಂಚಿನಿಂದ ಇಳಿದ ದೋಸೆ ಮೇಲೆ ಬೆಣ್ಣೆ ಉಂಡೆ ಇಟ್ಟ ಕೂಡಲೇ ಅಂಚು ಕರಗಿ ಪಾರದರ್ಶಕ ಆಗುತ್ತೆ. ಆಮೇಲೆ ನಡು ಕುಸಿಯುತ್ತೆ. ಅಂಚು ಕರಗಿದೆ, ನಡು ಇನ್ನೂ ಗಟ್ಟಿ ಇದೆ ಅನ್ನೋ ಹೊತ್ತು ನಾನು ಎಣಿಸಿದ ಹಾಗೆ ಇಪ್ಪತ್ತು ಎಣಿಸುವಷ್ಟೇ. ಅದು ತಪ್ಪಿದರೆ ದೋಸೆ ಎಣ್ಣೆಯಲ್ಲಿ ಅದ್ದಿದ ಹಾಗೆ ಕಾಣುತ್ತೆ. ಹಾಗೆ 27 ದೋಸೆ ಹೋಯ್ತು. ಒಂದಕ್ಕೆ 60ರಂತೆ 1,620 ರೂಪಾಯಿಯನ್ನು ಮಾಲೀಕರು ನನ್ನ ಲೆಕ್ಕಕ್ಕೇ ಬರೆದರು. ಹುಡುಗನಿಗೆ ದಿನಕ್ಕೆ 800ರಂತೆ 2,400. ಸಾಫ್ಟ್‌ಬಾಕ್ಸ್ 3,200. ಆಟೊ 450. ಮೂರು ದಿನಕ್ಕೆ ನನಗೆ ಉಳಿದದ್ದು 1,330. ಇವತ್ತಿಗೂ ಆ ಚೀಟಿ ಇಟ್ಟುಕೊಂಡಿದ್ದೇನೆ.

ಈಗ ಬೆಳಿಗ್ಗೆ ಆರೂವರೆಗೆ ಹೋಗ್ತೇನೆ. ಪೂರ್ವದ ಕಿಟಕಿ ಪಕ್ಕದ ಟೇಬಲ್, ಕಿಟಕಿಗೆ ಬಿಳಿ ಪಂಚೆ, ಎದುರಿಗೆ ಒಂದು ಕರಿ ಡ್ರಾಯಿಂಗ್ ಶೀಟ್. ಬೆಳಕು ಹಿಂದಿನಿಂದ ಬರಬೇಕು, ಆಗ ದೋಸೆಯ ಗರಿ ಕಾಣುತ್ತೆ, ಆಲೂಗಡ್ಡೆ ಪಲ್ಯದ ಹೊಗೆ ಕಾಣುತ್ತೆ. ಮೊದಲು ತಣ್ಣಗಿನ ದೋಸೆ ಇಟ್ಟು ಫೋಕಸ್ ಕೂರಿಸ್ತೇನೆ. ಬಿಸಿ ದೋಸೆ ಬಂದ ಮೇಲೆ ಬರೀ ಬಟನ್ ಒತ್ತುವುದು. 50 ಎಂಎಂ ಲೆನ್ಸೇ ಸಾಕಾಗಿದೆ ನನಗೆ.

ಹರಿಹರ ಹಾದಿ:
ಅಣ್ಣ, ದಯವಿಟ್ಟು ಮದುವೆ ಬಿಡಬೇಡಿ. ನಾನು ಬಿಟ್ಟೆ, ಅನುಭವಿಸಿದೆ. 2019ರ ನವೆಂಬರ್‌ನಲ್ಲಿ ಇನ್ನು ಊಟದ ಫೋಟೊ ಮಾತ್ರ ಅಂತ ಹೇಳಿ ಎರಡು ಮದುವೆಯ ಅಡ್ವಾನ್ಸ್ ವಾಪಸ್ ಕೊಟ್ಟೆ. ಒಂದು ರೂಮು ಹಿಡಿದೆ. ಬಾಡಿಗೆ 7,500, ಮುಂಗಡ 75,000. ಎರಡು ಲೈಟಿಗೆ 38,000. ಹಳೇ ಬಾಗಿಲಿನ ಹಲಗೆ, ಕಂಚಿನ ತಟ್ಟೆ, ಬಟ್ಟೆ, ಪಿಂಗಾಣಿ ಅಂತ 11,400. ಮ್ಯಾಕ್ರೊ ಲೆನ್ಸ್ ಹೊಸದೇ ತಗೊಂಡೆ, 52,000, ಕಂತಿನಲ್ಲಿ. ಮಾರ್ಚ್ ತನಕ ನಾಲ್ಕು ಆರ್ಡರ್ ಬಂತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್. ಹೋಟೆಲುಗಳೇ ಬಾಗಿಲು ಹಾಕಿದ ಮೇಲೆ ಯಾರ ಊಟದ ಫೋಟೊ ತೆಗೆಯಲಿ?

ಎಂಟು ತಿಂಗಳ ಬಾಡಿಗೆ ಮುಂಗಡದಲ್ಲೇ ಮುರಿದುಕೊಂಡರು. ಉಳಿದ 15,000ದಲ್ಲಿ ಗೋಡೆಗೆ ಸುಣ್ಣಬಣ್ಣ ಅಂತ 6,000 ಹಿಡಿದರು. ಕೈಗೆ ಬಂದದ್ದು 9,000. ಲೆನ್ಸ್ 29,500ಕ್ಕೆ ಮಾರಿದೆ, ಕಂತು ಇನ್ನೂ ಐದು ಬಾಕಿ ಇತ್ತು. ಇಲ್ಲದ ಲೆನ್ಸಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವುದು ಏನು ಅಂತ ಕಟ್ಟಿದವರಿಗೆ ಗೊತ್ತು. ಕೊನೆಗೆ ಅನ್ನ ಹಾಕಿದ್ದು ಮದುವೆನೇ. 50 ಜನರ ಮದುವೆಗೂ ಫೋಟೊಗ್ರಾಫರ್ ಬೇಕಲ್ವಾ? ಇವತ್ತೂ ಮದುವೆಯ ಕರಿಷ್ಮಾ ಆಲ್ಬಂ ಮಾಡಿಯೇ ಮಗಳ ಫೀಸ್ ಕಟ್ಟುತ್ತಿದ್ದೇನೆ. ಈಗ ಹೋಟೆಲಿನ ಹುಡುಗರು ಮೊಬೈಲಲ್ಲೇ ಫೋಟೊ ತೆಗೆದು ಡೆಲಿವರಿ ಆ್ಯಪಿಗೆ ಹಾಕ್ತಾರೆ. ನಿಮಗೆ ಯಾರು ಕೊಡ್ತಾರೆ 9,000?

ಕೋಟೆ ಕೆಳಗಿನವಳು:
ನಾನು ಚಿತ್ರದುರ್ಗದವಳು. ಪತ್ರಿಕೆ ಫೋಟೊ ಬಗ್ಗೆ ಮಾತ್ರ ಹೇಳ್ತೇನೆ.

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಡ್ಯಾಮ್ ತುಂಬಿ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು, ಆಮೇಲೆ ಬಿದ್ದದ್ದು ಅವತ್ತೇ. ನಮ್ಮ ಅಜ್ಜಿ ಕೂಡ ಕಂಡಿರಲಿಲ್ಲ. ಐದು ಸಲ ಹೋದೆ, ಪೆಟ್ರೋಲ್ ಸಲಕ್ಕೆ 450. ಎಲ್ಲರೂ ನೀರಿನ ಫೋಟೊ ತೆಗೆಯುತ್ತಿದ್ದರು. ನಾಲ್ಕನೇ ಸಲ ಒಬ್ಬ ಅಜ್ಜ ಸೊಸೆಯ ಕೈ ಹಿಡಿದು ಬಂದರು. ಚಪ್ಪಲಿ ಬಿಟ್ಟು, ಟವೆಲ್ ಸೊಂಟಕ್ಕೆ ಕಟ್ಟಿ, ಹರಿಯುವ ನೀರಿಗೆ ಬಗ್ಗಿ ಒಂದು ಬೊಗಸೆ ತಲೆಗೆ ಹಾಕಿಕೊಂಡರು. ಕಿವಿಯ ಹಿಂದಿನಿಂದ ನೀರು ಇಳಿಯುವಾಗ ತೆಗೆದೆ. ನನ್ನ ಕೆಲಸದಲ್ಲೆಲ್ಲ ನನಗಿಷ್ಟ ಅದೊಂದೇ. ಮೈಸೂರಿನ ಪತ್ರಿಕಾ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರು ಜೀವಮಾನವೆಲ್ಲ ಹೀಗೆ ಸಾಮಾನ್ಯ ಜನರ ಹಿಂದೆ ಓಡಾಡಿದವರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಫೋಟೊ ನೋಡಿಯೇ ನಾನು ಕ್ಯಾಮೆರಾ ಹಿಡಿದದ್ದು. ನನಗೆ ಸಿಕ್ಕಿದ್ದು ಎರಡು ಫೋಟೊಗೆ 1,200. ಅದೂ ನಾಲ್ಕು ತಿಂಗಳ ಮೇಲೆ, ಒಂಬತ್ತು ಫೋನ್ ಮಾಡಿದ ಮೇಲೆ.

ಅದಕ್ಕಿಂತ ದೊಡ್ಡ ಏಟು ಪ್ರಚಾರದ ಕೆಲಸದಲ್ಲಿ. ಒಂದು ಎಣ್ಣೆ ಕಂಪನಿಗೆ 6,000ಕ್ಕೆ ಶೇಂಗಾ ಎಣ್ಣೆ ಫೋಟೊ ಮಾಡಿಕೊಟ್ಟೆ. ಡಬ್ಬದ ಮೇಲೆ ಹಾಕಲಿಕ್ಕೆ ಅಂದಿದ್ದರು. ಆರು ತಿಂಗಳಲ್ಲಿ ಅದು ಕ್ಯಾಲೆಂಡರ್, ಫ್ಲೆಕ್ಸು, ಲಾರಿ ಹಿಂಭಾಗ ಎಲ್ಲ ಕಡೆ ಬಂತು. ಕೇಳಿದರೆ ದುಡ್ಡು ಕೊಟ್ಟಿದ್ದೇವಲ್ಲ ಅಂದರು. ವಕೀಲರಿಗೆ 2,000 ಕೊಟ್ಟೆ. ಅವರು 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೆರೆದು ತೋರಿಸಿದರು. ಹಣ ಕೊಟ್ಟು ತೆಗೆಸಿದ ಫೋಟೊ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದೇ. ನಾನೇ ಹೋಗಿ ತೆಗೆದ ಮಾರಿಕಣಿವೆ ಅಜ್ಜ ನನ್ನವರು. ಶೇಂಗಾ ಎಣ್ಣೆ ಅವರದು. ಈಗ ಅಡ್ವಾನ್ಸ್ ತಗೊಳ್ಳುವ ಮೊದಲು ಒಂದು ಹಾಳೆ ಬರೀತೇನೆ: ಫೋಟೊ ಯಾರದು, ಎಲ್ಲೆಲ್ಲಿ ಬಳಸಬಹುದು, ಎಷ್ಟು ತಿಂಗಳು, ನನ್ನ ಪುಸ್ತಕದಲ್ಲಿ ನಾನು ತೋರಿಸಬಹುದಾ ಇಲ್ವಾ. ಸರ್, ನಿಮ್ಮ 20ರಲ್ಲಿ ಎಷ್ಟು ನಿಮ್ಮವು ಅಂತ ಮೊದಲು ನೋಡಿ.

ಹರಿಹರ ಹಾದಿ:
ಮನೆಯಲ್ಲಿ ಇನ್ನೊಂದು ಸಂಬಳ ಬರುವವರಿಗೆ ಐದೈದು ಸಲ ಡ್ಯಾಮಿಗೆ ಹೋಗೋದು ಚಂದ. 2,250 ಪೆಟ್ರೋಲ್ ಹಾಕಿ 1,200 ತಂದರೆ ಅದನ್ನು ಕೆಲಸ ಅಂತಾರಾ?

ಕೋಟೆ ಕೆಳಗಿನವಳು:
ನಮ್ಮ ಮನೆ ಸಂಬಳ ನಿಮಗೆ ಹೇಗೆ ಗೊತ್ತು? ಸಂಜೆ ಐದರಿಂದ ಎಂಟರ ತನಕ ಮಕ್ಕಳಿಗೆ ಟ್ಯೂಷನ್ ಹೇಳಿ ಆ ಪೆಟ್ರೋಲ್ ಹಾಕಿಸಿದ್ದು. ಆ ಅಜ್ಜನ ಫೋಟೊ ನೋಡಿಯೇ ಒಂದು ಸಂಸ್ಥೆಯವರು ವರ್ಷಪೂರ್ತಿ ಕೆಲಸ ಕೊಟ್ಟರು. ಅದನ್ನು ಬರೆಯಲಿಲ್ಲ, ಜಂಬ ಆಗುತ್ತೆ ಅಂತ. ನಷ್ಟ ನಿಮಗೊಬ್ಬರಿಗೇ ಆಗಿಲ್ಲ.

ಹರಿಹರ ಹಾದಿ:
ಸರಿ ಮೇಡಂ, ಸಂಬಳದ ಮಾತು ನಾನು ಆಡಬಾರದಿತ್ತು. ಆದರೆ ಮದುವೆ ಬಿಡಬೇಡಿ ಅನ್ನೋ ಮಾತು ಹಿಂದಕ್ಕೆ ತಗೊಳ್ಳಲ್ಲ.

ರಂಗದ ಬೆಳಕು:
ನಾಟಕದ ಫೋಟೊ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ದಾವಣಗೆರೆ ಕಂಪನಿ ನಾಟಕದ ಊರು, ರಂಗನಟಿ ಚಿಂದೋಡಿ ಲೀಲಾ ಅವರ ಊರು. ನಮ್ಮಪ್ಪ ಕಂಪನಿ ನಾಟಕಕ್ಕೆ ಬೋರ್ಡ್ ಬರೆಯುತ್ತಿದ್ದರು. ನಾನು ಹೊಸದುರ್ಗದ ಸಾಣೇಹಳ್ಳಿ ನಾಟಕೋತ್ಸವಕ್ಕೆ ಎಷ್ಟೋ ವರ್ಷ ಹೋಗಿದ್ದೇನೆ, ಬರೀ ಕಲಿಯಲಿಕ್ಕೆ. ಮೊದಲ ವರ್ಷ 600 ಫೋಟೊ ತೆಗೆದೆ, 590 ಹಾಳು. ಹಿಂದೆ ಕಪ್ಪು ಪರದೆ, ಮುಖಕ್ಕೆ ಸ್ಪಾಟ್. ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಹೆಚ್ಚು ಮಾಡಿ ಮುಖ ಎಲ್ಲ ಸುಣ್ಣ ಮಾಡಿತು. ಈಗ ಬೆಳಕು ಅಳೆಯೋದು ಮುಖದ ಮೇಲೆ ಮಾತ್ರ. ಕ್ಯಾಮೆರಾ ಸೆಟ್ಟಿಂಗ್: ಐಎಸ್‌ಒ 3200, ಎಫ್ 2.8, 1/250. ಸದ್ದಿಲ್ಲದ ಶಟರ್.

ಪ್ರಚಾರದ ಫೋಟೊ ಪ್ರಯೋಗದ ದಿನ ತೆಗೆಯಬಾರದು. ವೇಷ ಹಾಕಿ ಮಾಡುವ ಕೊನೆ ತಾಲೀಮಿನ ದಿನ ತೆಗೀಬೇಕು. ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಬೇಕು, ಅಕ್ಷರ ಕೂರಬೇಕಲ್ವಾ? ನನ್ನ ಅತಿ ಇಷ್ಟದ ಫೋಟೊದಲ್ಲಿ ನಟಿಯ ತಲೆ ಚೌಕಟ್ಟಿನ ಅಂಚಿಗೇ ತಾಗಿತ್ತು. ಅಕ್ಷರಕ್ಕೆ ಜಾಗ ಇಲ್ಲ ಅಂತ ತಂಡದವರು ಬೇರೆಯವರ ಸಾಧಾರಣ ಫೋಟೊ ಪೋಸ್ಟರ್‌ಗೆ ಹಾಕಿದರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮತ್ತೆ, ಹಳಬರು 27 ದೋಸೆ ಹಾಳು ಮಾಡಿದ್ದು ಯಾಕೋ? ಪ್ರಚಾರ ಅಂದರೆ ಅಲಂಕಾರ. ಬೆಣ್ಣೆ ಜಾಗದಲ್ಲಿ ವನಸ್ಪತಿ, ಅಂದರೆ ಡಾಲ್ಡಾ ಉಂಡೆ ಇಟ್ಟರೆ ಹತ್ತು ನಿಮಿಷ ನಿಲ್ಲುತ್ತೆ. ನಟಿಗೆ ಬಣ್ಣ ಹಚ್ಚಲ್ವಾ?

ಮಂಡಿಪೇಟೆ ಹಳಬ:
ಬಣ್ಣ ಹಚ್ಚಿದರೂ ನಟಿ ಅದೇ ನಟಿ. ವನಸ್ಪತಿ ಇಟ್ಟರೆ ಅದು ಬೆಣ್ಣೆ ಅಲ್ಲ. ಬೆಣ್ಣೆ ದೋಸೆ ಅಂತ ಬರೆದು ವನಸ್ಪತಿ ತೋರಿಸೋದು ಸುಳ್ಳು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಇದೆ, ಓದಿಕೊಳ್ಳಿ. ಕಾಯ್ದೆ ಬಿಡಿ, ಇದು ನಮ್ಮ ಊರಿನ ಹೆಸರು. 27 ದೋಸೆ ಹಾಳು ಮಾಡಲಿಲ್ಲ, ಅಡುಗೆಮನೆ ಹುಡುಗರು ತಿಂದರು.

ರಂಗದ ಬೆಳಕು:
ಸುಳ್ಳು ಅನ್ನೋ ಮಾತು ಜಾಸ್ತಿ ಆಯ್ತು ಸರ್. ಪಾನಕದ ಲೋಟದ ಮೇಲೆ ಗ್ಲಿಸರಿನ್ ಹನಿ ಹಾಕಿ ತಂಪು ತೋರಿಸೋದಿಲ್ವಾ? ನೀವು ಒಂದು ಸಲವೂ ಮಾಡಿಲ್ವಾ?

ಮಂಡಿಪೇಟೆ ಹಳಬ:
ಲೋಟದ ಹೊರಗೆ ಹಾಕಿದ್ದೇನೆ, ಹೌದು. ಕುಡಿಯುವುದರ ಒಳಗೆ ಹಾಕಿಲ್ಲ. ಗೆರೆ ಅಲ್ಲೇ ಇರೋದು.

ದೋಸೆ ಮನೆ ಮೊಮ್ಮಗ:
ನಮ್ಮದು ಮೂರು ತಲೆಮಾರಿನ ಹೋಟೆಲ್. ಫೋಟೊ ತೆಗೆಸಿಕೊಂಡವನಾಗಿ ಹೇಳ್ತೇನೆ. ಹೋದ ವರ್ಷ ಹೊರಗಿನಿಂದ ಒಂದು ತಂಡ ಕರೆಸಿದೆವು, 35,000 ಕೊಟ್ಟೆವು. ದೋಸೆ ಒಳಗೆ ಕೆಂಪು ಚಟ್ನಿ ಸವರಿದರು, ಪಕ್ಕದಲ್ಲಿ ಸಾಂಬಾರ್ ಬಟ್ಟಲು ಇಟ್ಟರು, ಮೇಲೆ ಕೊತ್ತಂಬರಿ. ನೋಡಿ ನಮ್ಮಮ್ಮ ಕಣ್ಣೀರು ಹಾಕಿದರು. ನಮ್ಮ ದೋಸೆಗೆ ತೆಂಗಿನಕಾಯಿ ಚಟ್ನಿ, ಬಿಳಿ ಪಲ್ಯ, ಬೆಣ್ಣೆ, ಮುಗೀತು. ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬುತ್ತೇವೆ, ಅದಕ್ಕೇ ಮೇಲೆ ಆ ಸಣ್ಣ ತೂತು, ಆ ಹಗುರ. ಆ ತೂತು ಕಾಣದ ಫೋಟೊ ನಮಗೆ ಬೇಡ.

ಹರಿಹರ ಹಾದಿ:
ಕೆಂಪು ಚಟ್ನಿ ಕೇಳಿದವರಿಗೆ ಕೊಟ್ಟರೆ ಏನು ತಪ್ಪು? ಸೌದೆ ಒಲೆ ಬಿಟ್ಟು ಗ್ಯಾಸ್ ಹಿಡಿದಾಗಲೇ ರುಚಿ ಹೋಯ್ತು, ಈಗ ಚಟ್ನಿಗೆ ಜಗಳವಾ?

ದೋಸೆ ಮನೆ ಮೊಮ್ಮಗ:
ನಮ್ಮಲ್ಲಿ ಇವತ್ತಿಗೂ ಸೌದೆ ಒಲೆನೇ. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚುವವನು ನಾನೇ. ಗೊತ್ತಿಲ್ಲದೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೋಟೆ ಕೆಳಗಿನವಳು:
ಕೇಳಿದವರು ಲೆನ್ಸ್ ಕೇಳಿದ್ದರು, ನಾವು ಒಲೆಗೆ ಬಂದಿದ್ದೇವೆ. ಸರ್, ನಾನಾಗಿದ್ದರೆ ಲೆನ್ಸ್ ಒಂದು ವಾರ ಬಾಡಿಗೆಗೆ ತಂದು ನೋಡ್ತಿದ್ದೆ. ಹೋಟೆಲಿಗೆ ಹೋಗುವಾಗಲೂ ಭಟ್ಟಿ ಫೋಟೊನೇ ಮೊದಲು ಇಡಿ. ಜರಡಿ ಹಿಡಿದವರ ಮುಖ ಕಾಣುತ್ತಿದ್ದರೆ ಅವರನ್ನು ಒಂದು ಮಾತು ಕೇಳಿ, ಒಂದು ಪ್ರಿಂಟ್ ಕೊಟ್ಟು ಬನ್ನಿ.

ವಿದ್ಯಾನಗರದ ಕ್ಯಾಮೆರಾ:
ಎಲ್ಲರಿಗೂ ಧನ್ಯವಾದ. 20ನ್ನು ಮತ್ತೆ ನೋಡಿದೆ. ಏಳು ಫೋಟೊ ದುಡ್ಡು ತಗೊಂಡು ತೆಗೆದವು, ಹಾಳೆ ಏನೂ ಬರೆದಿಲ್ಲ. ಅವರನ್ನೆಲ್ಲ ನಾಳೆಯಿಂದ ಕೇಳಬೇಕು. ಮೂರರಲ್ಲಿ ಅಕ್ಷರಕ್ಕೆ ಜಾಗ ಇಲ್ಲ, ತೆಗೆದಿಟ್ಟೆ. ಲೆನ್ಸ್ ಸದ್ಯಕ್ಕೆ ಬೇಡ ಅಂದೆ. ಮಾಘದ ತನಕ ಒಪ್ಪಿಕೊಂಡ ಮದುವೆ ಎಲ್ಲ ಮಾಡ್ತೇನೆ. ಭಟ್ಟಿ ಅಕ್ಕನಿಗೆ ಇವತ್ತು ಪ್ರಿಂಟ್ ಕೊಟ್ಟು ಬಂದೆ. ಗೋಡೆಗೆ ಹಾಕಿದರೆ ಹೊಗೆ ಹಿಡಿಯುತ್ತೆ ಅಂತ ಸೀರೆ ಪೆಟ್ಟಿಗೆಯಲ್ಲಿ ಇಟ್ಟರು. ಹಳಬರೇ, ಪಂಚೆ ಎಷ್ಟು ಮೊಳದ್ದು?

ಮಂಡಿಪೇಟೆ ಹಳಬ:
ನಾಲ್ಕು ಮೊಳದ್ದು ಸಾಕು. ಅಂಚು ಇಲ್ಲದ್ದು ತಗೋ. ನೀಲಿ ಹಾಕಿ ಒಗೆದದ್ದು ಬೇಡ ತಮ್ಮ, ಬೆಣ್ಣೆ ನೀಲಿ ತಿರುಗುತ್ತೆ.