ದಾಳಿಕೋರನ ಹೆಸರು ಹೊರಬೀಳುವ ಮುನ್ನ

ಪ್ರಶ್ನೆ: ಎಲ್ಲಿಯಾದರೂ ಭಯೋತ್ಪಾದಕ ದಾಳಿ ನಡೆದ ಸುದ್ದಿ ಬಂದೊಡನೆ, ಪಾಶ್ಚಾತ್ಯ ದೇಶಗಳಲ್ಲಿ ಅಲ್ಪಸಂಖ್ಯಾತರಾಗಿ ಬದುಕುವ ಅನೇಕ ಮುಸ್ಲಿಮರು ಸತ್ತವರಿಗಾಗಿ ಮರುಗುತ್ತಲೇ ‘ದಾಳಿಕೋರ ನಮ್ಮವನಾಗದಿರಲಿ’ ಎಂದು ಹಾರೈಸುತ್ತಾರೆ. ಈ ಅಂಜಿಕೆಯನ್ನು ಸಾಮಾಜಿಕ ಜಾಲತಾಣಗಳೇ ಹುಟ್ಟಿಸಿದವೇ, ಅಥವಾ ಇದ್ದುದನ್ನು ಬೆಳೆಸಿದವೇ?

ಉತ್ತರ 1: ಅಂಜಿಕೆ ಜಾಲತಾಣಗಳಿಗಿಂತ ಹಳೆಯದು. 1995ರಲ್ಲಿ ಒಕ್ಲಹೋಮ ನಗರದ ಬಾಂಬ್ ಸ್ಫೋಟದಲ್ಲಿ 168 ಮಂದಿ ಸತ್ತಾಗ ಟಿ.ವಿ. ವಿಶ್ಲೇಷಕರು ಮೊದಲು ಬೆರಳು ತೋರಿಸಿದ್ದು ಮಧ್ಯಪ್ರಾಚ್ಯದ ಕಡೆಗೆ; ಸಿಕ್ಕಿಬಿದ್ದವನು ಅಮೆರಿಕದ ಸೇನೆಯಲ್ಲಿ ದುಡಿದಿದ್ದ ತಿಮೋತಿ ಮೆಕ್‌ವೇ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ದಾಖಲೆಯಲ್ಲಿ 2000ದಲ್ಲಿ 28ರಷ್ಟಿದ್ದ ಮುಸ್ಲಿಂ ದ್ವೇಷದ ಪ್ರಕರಣಗಳು, ಸೆಪ್ಟೆಂಬರ್ 11ರ ದಾಳಿ ನಡೆದ 2001ರಲ್ಲಿ 481ಕ್ಕೇರಿದವು. ಆಗಿನ್ನೂ ಫೇಸ್‌ಬುಕ್ ಹುಟ್ಟಿರಲಿಲ್ಲ. ಪತ್ರಿಕೆಗಳ ಪಾಲೂ ಸಣ್ಣದಲ್ಲ: 2006ರಿಂದ 2015ರವರೆಗೆ ಅಮೆರಿಕದಲ್ಲಿ ನಡೆದ ದಾಳಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದಾಳಿಕೋರ ಮುಸ್ಲಿಮನಾಗಿದ್ದರೆ ವರದಿಗಳ ಪ್ರಮಾಣ ಸರಾಸರಿ ಶೇ. 357ರಷ್ಟು ಹೆಚ್ಚಿತ್ತು.

ಉತ್ತರ 2: ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ವ್ಯತ್ಯಾಸವಿದೆ. ಹಿಂದೆ ಕಳಂಕ ಸಮುದಾಯಕ್ಕೆ ಅಂಟುತ್ತಿತ್ತು. ಈಗ ದಾರಿಯಲ್ಲಿ ನಡೆದುಹೋಗುವ ಒಬ್ಬ ವ್ಯಕ್ತಿಯ ಮುಖಕ್ಕೇ ಅಂಟುತ್ತದೆ. 2017ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ದಾಳಿಯ ಬಳಿಕ, ಗಾಯಾಳುವೊಬ್ಬರ ಪಕ್ಕದಲ್ಲಿ ಮೊಬೈಲ್ ಹಿಡಿದು ಸಾಗುತ್ತಿದ್ದ ಹಿಜಾಬ್‌ಧಾರಿ ಮಹಿಳೆಯ ಚಿತ್ರವನ್ನು, ಆಕೆಗೆ ಕರುಣೆಯೇ ಇಲ್ಲವೆಂಬ ಒಕ್ಕಣೆಯೊಂದಿಗೆ ಹರಡಲಾಯಿತು. ಆಕೆ ಅಲ್ಲಿದ್ದವರನ್ನು ವಿಚಾರಿಸಿ, ತಾನು ಕ್ಷೇಮವೆಂದು ಮನೆಯವರಿಗೆ ಕರೆ ಮಾಡಿದ್ದರಷ್ಟೆ. ಅದನ್ನು ಹರಡಿದ್ದ ಖಾತೆಯೊಂದು ರಷ್ಯಾದಿಂದ ನಡೆಯುತ್ತಿದ್ದ ನಕಲಿ ಖಾತೆಯೆಂಬುದು ತಿಂಗಳುಗಳ ನಂತರ ಬಯಲಾಯಿತು.

ಉತ್ತರ 3: ‘ನೀವೇಕೆ ಖಂಡಿಸಲಿಲ್ಲ’ ಎಂಬ ಪ್ರಶ್ನೆಯನ್ನೂ ಇಲ್ಲಿ ಸೇರಿಸಬೇಕು. 2014ರಲ್ಲಿ ಬ್ರಿಟನ್ನಿನ ಮುಸ್ಲಿಂ ಯುವಜನರು ‘ನನ್ನ ಹೆಸರಿನಲ್ಲಿ ಬೇಡ’ ಎಂಬ ಹ್ಯಾಷ್‌ಟ್ಯಾಗ್‌ನಡಿ ಐಸಿಸ್ ಅನ್ನು ಬಹಿರಂಗವಾಗಿ ಖಂಡಿಸಿದರು. ತಾವು ಮಾಡದ ತಪ್ಪಿಗೆ ತಪ್ಪೊಪ್ಪಿಗೆ ಏಕೆಂದು ಬೇಸತ್ತ ಇನ್ನು ಕೆಲವರು, ಮುಸ್ಲಿಂ ಜಗತ್ತಿನಿಂದ ಲೋಕಕ್ಕೆ ಬಂದ ಬೀಜಗಣಿತಕ್ಕಾಗಿ, ಕಾಫಿಗಾಗಿ ಅಣಕದ ಕ್ಷಮೆ ಕೋರಿದರು. (ಈ ಎರಡನೆಯ ಗುಂಪಿನ ಸಿಟ್ಟು ನನಗೆ ಹೆಚ್ಚು ಅರ್ಥವಾಗುತ್ತದೆ.) ಇನ್ನು, ತಾವೇ ಬಲಿಯಾದಾಗಲೂ ಜಾಲತಾಣ ಅವರನ್ನು ಬಿಡಲಿಲ್ಲ: 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನು ಅದನ್ನು ನೇರಪ್ರಸಾರ ಮಾಡಿದ, ಮೊದಲ 24 ಗಂಟೆಗಳಲ್ಲೇ ಆ ವಿಡಿಯೋದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಫೇಸ್‌ಬುಕ್ ತಿಳಿಸಿತು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಸತ್ಯ ಬೇಗನೆ ಪ್ರಕಟವಾದರೆ ಹಾನಿ ತಗ್ಗುವುದಿಲ್ಲವೇ?

ಉತ್ತರ 2: ಸ್ವಲ್ಪ ತಗ್ಗಬಹುದು, ಆದರೆ ವದಂತಿ ಅಷ್ಟರಲ್ಲಿ ಬೀದಿಗಿಳಿದಿರುತ್ತದೆ. 2024ರ ಜುಲೈಯಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೂವರು ಬಾಲಕಿಯರ ಕೊಲೆಯಾದಾಗ, ಕೊಂದವನು ಮುಸ್ಲಿಂ ವಲಸಿಗನೆಂಬ ಸುಳ್ಳು ಹಬ್ಬಿ, ಮರುದಿನವೇ ಅಲ್ಲಿನ ಮಸೀದಿಯ ಮೇಲೆ ದಾಳಿಯಾಯಿತು. ಆರೋಪಿ ಬ್ರಿಟನ್ನಿನಲ್ಲೇ ಹುಟ್ಟಿದವನೆಂದು ಪೊಲೀಸರು ಅಷ್ಟರಲ್ಲಾಗಲೇ ಹೇಳಿದ್ದರು. ಗಲಭೆ ಮಾತ್ರ ಬೇರೆ ಊರುಗಳಿಗೂ ಹಬ್ಬಿತು.