ಸಹಾಯ ಬೇಕು: ಚಿಕ್ಕಪ್ಪನ ಡೈರ್ ಸ್ಟ್ರೇಟ್ಸ್ ಕ್ಯಾಸೆಟ್, ಜೊತೆಗೆ ನಿಮ್ಮ ನೆನಪುಗಳು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಚಿಕ್ಕಪ್ಪನಿಗೆ 60 ತುಂಬುತ್ತದೆ. ಬ್ರಿಟಿಷ್ ರಾಕ್ ತಂಡ ಡೈರ್ ಸ್ಟ್ರೇಟ್ಸ್‌ನ ಹಾಡುಗಾರ, ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಹುಚ್ಚು ನನಗೆ ಹಿಡಿಸಿದ್ದೇ ಅವರು. ಡೈರ್ ಸ್ಟ್ರೇಟ್ಸ್‌ನ ಮೊದಲ ಆಲ್ಬಂ, 1978ರದ್ದು, ಅವರ ಹತ್ತಿರ ಕ್ಯಾಸೆಟ್‌ನಲ್ಲಿತ್ತು. ನಾನಾಗ ಆರನೇ ಕ್ಲಾಸು. ಒಂದು ಭಾನುವಾರ ಬಿ ಸೈಡ್ ಹಾಕಿ, "ಕೇಳು ಪುಟ್ಟಾ, ಇವನು ಪಿಕ್ ಹಿಡಿಯೋದಿಲ್ಲ, ಬರೀ ಬೆರಳಲ್ಲೇ ಮೀಟ್ತಾನೆ" ಅಂದರು. ಮೊದಲ ಹಾಡೇ 'ಸುಲ್ತಾನ್ಸ್ ಆಫ್ ಸ್ವಿಂಗ್'. ಅದರ ಕೊನೆಯಲ್ಲಿ ಗಿಟಾರ್ ಸ್ವರಗಳು ಪಟಪಟ ಅಂತ ಉದುರುತ್ತವಲ್ಲ, ಅಲ್ಲಿ ನಾನು ಊಟದ ತಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದೆ.

ಮೊನ್ನೆ ಅದೇ ಕ್ಯಾಸೆಟ್ ಹಾಕಿದಾಗ ಟೇಪ್ ಸಿಕ್ಕಿಕೊಂಡು ತುಂಡಾಯಿತು. ಒಳಗೆ ಟೇಪನ್ನು ಒತ್ತಿ ಹಿಡಿಯುವ ಸಣ್ಣ ಸ್ಪಂಜೂ ಉದುರಿದೆ. ಡಬ್ಬಿಗೆ ಸ್ಕ್ರೂ ಇಲ್ಲ, ಅಂಟಿಸಿದ್ದು, ಬಿಚ್ಚೋಕೆ ಭಯ. ಬೆಂಗಳೂರಲ್ಲಿ ಇದನ್ನು ಜೋಡಿಸಿ ಕೊಡುವವರು ಯಾರಾದರೂ ಗೊತ್ತಾ? ಹಾಡು ಫೋನಲ್ಲೂ ಸಿಗುತ್ತೆ, ಆದರೆ ಅವರಿಗೆ ಆ ಕ್ಯಾಸೆಟ್ಟೇ ಬೇಕು.

ಇನ್ನೊಂದು ಕೋರಿಕೆ. ಇದೇ ತಂಡದ 1985ರ ಆಲ್ಬಂ 'ಬ್ರದರ್ಸ್ ಇನ್ ಆರ್ಮ್ಸ್' ಎಲ್ಲರಿಗೂ ಗೊತ್ತು. ನನಗೆ ಬೇಕಿರುವುದು ಮೊದಲ ಎರಡು ಆಲ್ಬಂಗಳ ನೆನಪು, ಚಿಕ್ಕಪ್ಪನ ಕ್ಯಾಸೆಟ್‌ನಲ್ಲಿರುವ ಆಲ್ಬಂ ಮತ್ತು 1979ರ 'ಕಮ್ಯುನಿಕೆ'. ಮಾರ್ಕ್‌ನ ತಮ್ಮ ಡೇವಿಡ್ ಕೂಡ ಜೊತೆಗೆ ನುಡಿಸುತ್ತಿದ್ದ ಆ ದಿನಗಳ ಸಂಗೀತದಲ್ಲಿ ಒಂದು ನಿಧಾನ ಇದೆ, ಸದ್ದು ಕಡಿಮೆ, ಜಾಗ ಜಾಸ್ತಿ, ಅಲ್ವಾ? ನೀವು ಮೊದಲು ಎಲ್ಲಿ ಕೇಳಿದಿರಿ, ಯಾರು ಕೊಟ್ಟರು, ನಾಲ್ಕು ಸಾಲು ಬರೆಯಿರಿ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಕೈಯಾರೆ ಬರೆದು ಚಿಕ್ಕಪ್ಪನಿಗೆ ಕೊಡುತ್ತೇನೆ.